ತಲೆಗೆ ನೀರು

ವೈಪರಿನ ಕೆಳಗೆ ಒಂದು ತೂಬು ಇದೆ,
ಹೆಬ್ಬೆರಳಷ್ಟು. ಯಾರೂ ಅದನ್ನು ನೋಡುವುದಿಲ್ಲ.
ಬಂದರು ರಸ್ತೆಯ ಮ್ಯಾಗ್ನೋಲಿಯಾ ಎಲೆ
ಎರಡು ಚಳಿಗಾಲ ಅದರೊಳಗೆ ಕೊಳೆತಿತ್ತು.
ಬತುಮಿಯ ಮಳೆಗೆ ಬೇರೆ ದಾರಿ ಕಾಣದೆ
ಕೊನೆಗೆ ಪೆಟ್ಟಿಗೆಯೊಳಕ್ಕೇ ಇಳಿಯಿತು.

"ತಲೆಗೆ ನೀರು ಹಾಕಿಕೊಂಡಿದೆ," ಎಂದೆ ತ್ಸಿಯಾಲಾಗೆ,
"ಹಾಕಿಕೊಂಡ ಮೇಲೆ ಯಾರೂ ಒರೆಸಿಲ್ಲ."
ಮುಚ್ಚಳ ತೆಗೆದರೆ ಒಳಗೆಲ್ಲ ಹಸಿರು ಕಿಲುಬು,
ಅಟ್ಟದ ಮೇಲೆ ಮರೆತ ತಾಮ್ರದ ಪಾತ್ರೆಯ ಹಾಗೆ.

ಅವಳು ಡ್ರೈವಿಂಗ್ ಕಲಿಸುವವಳು. ಈ ಕಾರಿನಲ್ಲಿ
ಅವಳ ಕಾಲಿಗೂ ಒಂದು ಬ್ರೇಕು, ಒಂದು ಕ್ಲಚ್ಚು.
ಹನ್ನೊಂದು ವರ್ಷದಲ್ಲಿ ಅರ್ಧ ಊರು
ಇದರ ಗೇರನ್ನು ಕಿರ್ರೆನಿಸಿದೆ,
ನನ್ನ ಭಾವಮೈದುನನೂ ಸೇರಿ.
ಗುರುವಾರ ಪರೀಕ್ಷೆ: ಮೂವರು ಹುಡುಗಿಯರು,
ಒಬ್ಬ ಗಡ್ಡದ ಪಾದ್ರಿ.

ಹೊಸದಕ್ಕೆ ದುಡ್ಡಿಲ್ಲ. ರುಸ್ತಾವಿಯ ಗುಜರಿಯಿಂದ
ಒಂದು ತರಿಸಿದೆ. ಅದೇ ನಂಬರು,
ಕೊನೆಯ ಅಕ್ಷರವೂ ಅದೇ.
ಪೇಪರಿನಲ್ಲಿ ಸುತ್ತಿ ಬಂತು, ಒಣಮೀನಿನಂತೆ.

ಕೂರಿಸಿದೆ. ಕೀಲಿ ತಿರುಗಿಸಿದೆ.
ಗರ್ರೆಂದು ಹಿಡಿದು
ಒಂದು ಎಣಿಸುವಷ್ಟರಲ್ಲಿ ಸುಮ್ಮನಾಯಿತು.
ಮತ್ತೆ. ಒಂದು. ಸುಮ್ಮನೆ.
"ಏನಾಯಿತು?"
"ಏನೂ ಆಗಿಲ್ಲ. ನಿನ್ನ ಕೀಲಿಯನ್ನು ಕೇಳುತ್ತಿದೆ,
ಯಾರಮ್ಮಾ ನೀನು, ಅಂತ."

ತಲೆ ಬಂದರೆ ಸಾಲದು, ಹಣೆಬರಹವೂ ಬರಬೇಕು.
ಅದು ಇರುವುದು ಹಳೆಯ ಹಲಗೆಯ ಮೂಲೆಯಲ್ಲಿ,
ಎಂಟು ಕಾಲಿನ ಒಂದು ಚಿಪ್ಪು,
ದನದ ಕಿವಿಗೆ ಕಚ್ಚಿದ ಉಣುಗಿನಷ್ಟು.
ಬಿಸಿಗಾಳಿ ಊದಿ ಎಬ್ಬಿಸಿ, ಓದಿ,
ಬಂದವನ ಹಣೆಯ ಮೇಲೆ ಬರೆಯಬೇಕು.
ಅದಕ್ಕೊಂದು ಯಂತ್ರವಿದೆ ನನ್ನ ಬಳಿ,
ಪ್ಲಗ್ಗು ಸಡಿಲ, ಉಸಿರು ಹಿಡಿದು ಬಳಸುತ್ತೇನೆ.

ಬರೆಯುವ ಮೊದಲು ಅಳಿಸಬೇಕು.
ಅಳಿಸುವ ಮೊದಲು, ಚಟ, ಓದಿದೆ.
ಎರಡು ಲಕ್ಷ ಹನ್ನೊಂದು ಸಾವಿರ ಕಿಲೋಮೀಟರು.
ದೋಷ: ಹೊಗೆಕೊಳವೆಯ ಸೆನ್ಸರು, ಹದಿನಾಲ್ಕು ಸಲ.
ಮುಂದಿನ ತಿಂಗಳು ನೋಡೋಣ ಅಂತ ಯಾರೋ
ಹದಿನಾಲ್ಕು ಸಲ ಅಂದುಕೊಂಡಿದ್ದಾರೆ.
ದೋಷ: ಡಿಕ್ಕಿಯ ಸಂಕೇತ. ಇಂಧನ ಬಂದ್.
ಅದರ ಕೆಳಗೆ, ಆ ಕ್ಷಣದ್ದು,
ವೇಗ ನೂರ ಮೂವತ್ತೊಂದು
ನೀರಿನ ಬಿಸಿ ತೊಂಬತ್ತು
ಆಕ್ಸಲರೇಟರು ಸೊನ್ನೆ.

ಕಾಲು ತೆಗೆದಿದ್ದರು. ಅಷ್ಟು ಗೊತ್ತು.
ಎಷ್ಟು ಹೊತ್ತಿನ ಮುಂಚೆ ಎಂದು ಬರೆದಿಲ್ಲ.
ಪಕ್ಕದಲ್ಲಿ ಯಾರಿದ್ದರು ಎಂಬುದು
ಈ ಪೆಟ್ಟಿಗೆಯ ಕೆಲಸವಲ್ಲ.

ತ್ಸಿಯಾಲಾ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು.
ಅವಳ ಬಲಗಾಲು ಶೆಡ್ಡಿನ ಸಿಮೆಂಟಿನ ಮೇಲೆ
ಇಲ್ಲದ ಪೆಡಲನ್ನು ಒತ್ತಿತು.

"ಅಳಿಸುತ್ತೀಯಾ?"
"ಅಳಿಸದೆ ನಿನ್ನದನ್ನು ಎಲ್ಲಿಡಲಿ?"
"ಎಲ್ಲಾದರೂ ಬರೆದಿಡು."
ಯಾಕೆಂದು ಕೇಳಲಿಲ್ಲ. ಚೀಸ್ ರೊಟ್ಟಿಯ ಜಿಡ್ಡು ಹತ್ತಿದ
ಬಿಲ್ಲಿನ ಹಿಂದೆ ಬರೆದೆ. ಪೆನ್ನು ಜಾರಿತು.
೧೩೧. ೯೦. ೦.

ಆಮೇಲೆ ಹಿಡಿಯಿತು. ಇಬ್ಬರೂ ಎಣಿಸಿದೆವು,
ಒಂದು, ಎರಡು, ಏಳರ ತನಕ. ನಿಲ್ಲಲಿಲ್ಲ.
ಆದರೆ ಏದುಸಿರು, ಏರಿ, ಇಳಿದು, ಮತ್ತೆ ಏರಿ.
ನಿಂತಲ್ಲೇ ಉಸಿರಾಡುವುದನ್ನು
ಈ ಎಂಜಿನ್ನಿನ ಜೊತೆ ಅದು ಹೊಸದಾಗಿ ಕಲಿಯಬೇಕು.
"ಏನನ್ನೂ ಮುಟ್ಟಬೇಡ," ಎಂದೆ, "ಹತ್ತು ನಿಮಿಷ."

ಅವಳು ಹೋಗಿ ಕೂತದ್ದು ಪಕ್ಕದ ಸೀಟಿನಲ್ಲೇ.
ಓಡಿಸುವವರ ಸೀಟು ಖಾಲಿ.
ಕಾಲು ತನ್ನ ಬ್ರೇಕಿನ ಹತ್ತಿರ, ಒತ್ತದೆ.
"ನಿಧಾನ," ಅನ್ನುತ್ತಿದ್ದಳು, "ಅವಸರವಿಲ್ಲ.
ನಾನಿದ್ದೀನಲ್ಲ."

ನಾನು ತೂಬಿಗೆ ತಂತಿ ತೂರಿಸಿ
ಉಳಿದ ಎಲೆಯನ್ನು ಚೂರುಚೂರಾಗಿ ಎಳೆದೆ,
ಮೇಲಿನಿಂದ ಒಂದು ಮಗ್ಗು ನೀರು ಸುರಿದು
ಕಾದೆ.
ಚಕ್ರದ ಹಿಂದೆ, ನೆಲದ ಮೇಲೆ, ಬಿತ್ತು.