ರೊಟ್ಟಿ ಹಲಗಿ

ಮುತ್ಯಾ ಮೋನಪ್ಪ ಬಡಿಗೇರ ತಂದ ಈ ಹಲಗಿ
ನಮ್ಮ ಕಡಿ ಮರದ್ದಲ್ಲ.
ಎಷ್ಟು ತಿಕ್ಕಿದರೂ ಬ್ಯಾಸಗಿಯೊಳಗ
ಯಂತ್ರದ ಎಣ್ಣಿ ವಾಸನಿ ಬಿಡತದ.

ಸರಕಿನ ಹಡಗೊಂದರ ತಲಿ ಬೋಳಿಸಿ
ಹಲಗಿ ಹಾಸಿ ಬಯಲು ಮಾಡಿದ್ರಂತ,
ಉಳಿದ ಸರಕಿನ ಹಡಗಗಳಿಗೆ ಕಾವಲಂತ.
ಹಗಲೆಲ್ಲ ವಿಮಾನ ಇಳಿದು ಸೀಳಿದ್ದನ್ನ
ರಾತ್ರಿ, ದೀಪ ಹಚ್ಚಂಗಿಲ್ಲ, ಬೆರಳಿಲೆ ತಡವಿ
ಕಿತ್ತು ಹೊಸಾದು ಕೂಡಸತಿದ್ದ ಮುತ್ಯಾ.

“ಡಂಬಳದಾಗ ರಾಶಿ ತೂರಾಕ
ಗಾಳಿ ಬರಲೆಂದು ಕುಂತಿರತೀವಿ.
ಅಲ್ಲಿ ಗಾಳಿ ಬರಲಿಲ್ಲಂದ್ರ
ಹಡಗ ಓಡಿಸಿ ಗಾಳಿ ಹುಟ್ಟಸತಿದ್ರವ್ವಾ!”
ಅಂದು ನಗತಿದ್ದ.

ನಗದ ಹೇಳಿದ್ದು ಒಂದ ಸಲ:
ಅಡ್ಡ ಬಿಗಿದ ತಂತಿಗೆ ಕೊಕ್ಕಿ ಸಿಗದ ವಿಮಾನ
ಹಲಗಿ ಗೀರಿಕೊಂತ ಹೋಗಿ
ಅಂಚು ದಾಟಿತು.
ಎರಡೂ ಕೈಯಾಗ ಬಣ್ಣದ ಬ್ಯಾಟು ಹಿಡಿದು
ವಿಮಾನ ಇಳಸಾಂವ
ಬಾಳ ಹೊತ್ತು ಕೈ ಇಳಸಲಿಲ್ಲ.
ಹಡಗು ನಿಂದರಲಿಲ್ಲ. ಮ್ಯಾಲ ಇನ್ನೂ ಮೂರು
ಎಣ್ಣಿ ತೀರತಾ ಸುತ್ತತಿದ್ದವು.
ರಾತ್ರಿ, ಗೀರಿದ್ದು ಬದಲಿಸು ಅಂದ್ರು. ಬದಲಿಸಿದ.
ಕಿತ್ತಿದ್ದು ಸಮುದ್ರಕ್ಕ ಒಗಿ ಅಂದ್ರು.

ಒಗೀಲಿಲ್ಲ.

ಉಳಿ, ರಂದಾ ಎಲ್ಲಾ ಇದ್ದ ಮನಿಯೊಳಗ
ಈ ಗೀರೊಂದನ್ನ ಸಮ ಮಾಡಲಿಲ್ಲ ಅವ.
ಜ್ವಾಳದ ಹಿಟ್ಟು ಅದರಾಗ ಕುಂತುಬಿಡತದ
ಬಿಳಿ ಗೆರಿಯಾಗಿ, ಅಂಚಿನ ತನಕ.
ರೊಟ್ಟಿ ಬಡಕೊಂತ ತಿರುವತೀನಿ;
ಅಲ್ಲಿ ಬಂದಾಗ ಕೈ
ತಾನ ಹಗುರಾಗತದ.