ಮೊದಲ ಹಿಕ್ಕೆ

ಗೆಂಟ್ ಊರು, ಮೂರನೇ ಮಹಡಿ, ರಾತ್ರಿ ಎರಡೂವರೆ.
ಅಡುಗೆಮನೆ ನೆಲಕ್ಕೆ ಮೊಣಕಾಲೂರಿ
ಮಾರ್ಲೇನ ಮೊಲದ ಮೂತಿಗೆ
ಪಾರ್ಸ್ಲಿ ದಂಟು ಹಿಡಿದಿದ್ದಾಳೆ.

ಮೂರು ಸಲ ಅದು ಎದೆಯ ತುಪ್ಪಳ ಕಿತ್ತು
ಸೋಫಾದ ಹಿಂದೆ ಗೂಡು ಹಾಸಿತ್ತು,
ಬಸಿರೇ ಇಲ್ಲದ ಬಾಣಂತನಕ್ಕೆ.
ಬರಿಗೂಡು ಕಾಯುತ್ತ
ಚಾಚಿದ ಕೈ ಕಚ್ಚಿತ್ತು.

ಈಗ ಹೊಟ್ಟೆಯಡಿ ನಾಲ್ಕು ಹೊಲಿಗೆ,
ಬೋಳಿಸಿದ ಚರ್ಮ.
ತಿನ್ನಬೇಕು, ಹಿಕ್ಕೆ ಹಾಕಬೇಕು,
ಆಮೇಲೆ ನೀವು ಮಲಗಿ,
ಡಾಕ್ಟರು ಅಂದದ್ದಿಷ್ಟೇ.

ಅದನ್ನು ಕೇಳದೆ ಮಾಡಿಸಿದೆನಲ್ಲ ಎಂಬುದನ್ನು
ಅವಳು ಯಾರಿಗೂ ಹೇಳಿಲ್ಲ.
ಮೊಲದ ಕಿವಿ ತಣ್ಣಗಿದೆ.

ನಾಲ್ಕಕ್ಕೆ, ಕರಕರ.
ಐದಕ್ಕೆ
ಕಾಳುಮೆಣಸಿನಷ್ಟು, ಒಂದೇ ಒಂದು.

ಗಂಡನನ್ನೆಬ್ಬಿಸಿ
ಅಂಗೈ ಬಿಚ್ಚಿ ತೋರಿಸಿದಳು.
ಕನ್ನಡಕವಿಲ್ಲದ ಅವನೆಂದ:
ಅಂತೂ ಸಿಕ್ಕಿತಾ,
ನಿನ್ನ ಸರದ ಮಣಿ?