ಐದೇ ಹಾಳೆ

ಡಿಸೆಂಬರಿನ ಕೊನೆಯ ಮಧ್ಯಾಹ್ನ ಮೊಂತೆವಿದೆಯೊದಲ್ಲಿ
ಬಿಸಿಲು ನೆತ್ತಿ ಸುಡುವಾಗ
ಕಚೇರಿಗಳೆಲ್ಲ ಕಿಟಕಿ ತೆರೆದು
ವರ್ಷವನ್ನು ಹರಿದು ಬೀದಿಗೆ ಚೆಲ್ಲುತ್ತವೆ.
ಮೇಜಿನ ಕ್ಯಾಲೆಂಡರು, ದಿನಕ್ಕೊಂದು ಹಾಳೆ,
ಎರಡು ಕಬ್ಬಿಣದ ಬಳೆಗೆ ಪೋಣಿಸಿದ್ದು.
ಬಳೆ ಬಿಚ್ಚಿದರೆ ಮುಗಿಯಿತು,
ಸಾರಂದಿ ಬೀದಿಯ ತುಂಬ ಮಂಗಳವಾರಗಳು, ಗುರುವಾರಗಳು,
ಯಾರದೋ ಹಲ್ಲಿನ ಡಾಕ್ಟರು, ಯಾರದೋ ಬಾಕಿ ಕಂತು,
ಮೇಲಿನ ಮಹಡಿಯಿಂದ ಬಕೆಟ್ಟುಗಟ್ಟಲೆ ನೀರು ಬೇರೆ.

ನಾನೂ ಜುಲ್ಮಾಳೂ ಹತ್ತೊಂಬತ್ತು ವರ್ಷ
ಒಂದು ಆಟ ಆಡಿದೆವು.
ಚೆಲ್ಲುವ ಮೊದಲು ತಲಾ ಐದು ಹಾಳೆ ಎತ್ತಿಟ್ಟುಕೊಳ್ಳುವುದು.
ಐದೇ. ಆರನೆಯದಕ್ಕೆ ಚೌಕಾಸಿಯಿಲ್ಲ.
ಮದುವೆ, ಹೆರಿಗೆ, ಸಾವು ಲೆಕ್ಕಕ್ಕಿಲ್ಲ;
ಅವು ಬೇಡವೆಂದರೂ ಉಳಿಯುತ್ತವೆ, ಎನ್ನುವಳು,
ನಾವು ಆರಿಸದಿದ್ದರೆ ಅಳಿಸಿಹೋಗುವಂಥದ್ದನ್ನು ಆರಿಸು.

ಈ ಸಲ ಅವಳಿಲ್ಲ. ಜುಲೈಯಲ್ಲಿ ನಿವೃತ್ತಳಾಗಿ
ಪೈಸಂದೂವಿನಲ್ಲಿ ತಂಗಿಯ ಜೊತೆ ಕೋಳಿ ಸಾಕುತ್ತಿದ್ದಾಳೆ.
ಅವಳ ಕುರ್ಚಿಗೆ ಬಂದ ಹುಡುಗ
ಎಲ್ಲವನ್ನೂ ಫೋನಿನಲ್ಲೇ ಬರೆದಿಡುವವನು,
ಚೆಲ್ಲಲು ಏನೂ ಇಲ್ಲ, ಪಾಪ,
ಬರಿಗೈ ಹೊಸೆಯುತ್ತ ನನ್ನ ಕಿಟಕಿಯಲ್ಲಿ ನಿಂತಿದ್ದ.
ಅವನಿಗೆ ನನ್ನ ಫೆಬ್ರವರಿ ಪೂರ್ತಿ ಕೊಟ್ಟೆ.
ಹಬ್ಬ ಮಾಡಿದ.

ನನ್ನ ಐದು:
ಜನವರಿ ಹದಿನಾಲ್ಕು, ಎರಡನೆಯ ಮೂರನೆಯ ಮಹಡಿಯ ನಡುವೆ
ಲಿಫ್ಟು ಸಿಕ್ಕಿಕೊಂಡದ್ದು. ಜೊತೆಗೆ ಹೆಸರು ಗೊತ್ತಿಲ್ಲದ ಅಂಚೆ ಹುಡುಗ,
ಅವನ ಜೇಬಿನಲ್ಲೊಂದು ಪೀಚ್ ಹಣ್ಣು. ಚಾಕುವಿಲ್ಲ.
ಆಮೇಲೆ ಆಮೇಲೆ ಕಚ್ಚಿ ತಿಂದೆವು, ಸರದಿಯ ಮೇಲೆ,
ಬಾರ್ಬೋಸ ಕುಟುಂಬದ ಆಸ್ತಿಪತ್ರದ ಮೇಲೆ
ಇಂದಿಗೂ ಒಂದು ದುಂಡನೆಯ ಕಲೆಯಿದೆ, ಕಾನೂನುಬದ್ಧ.
ಮಾರ್ಚಿನಲ್ಲಿ, ಮೊದಲ ದಿನವೇ ಕಚ್ಚದ ಶೂ.
ಜೂನ್ ಇಪ್ಪತ್ತೊಂಬತ್ತು: ತಿಂಗಳ ನ್ಯೋಕಿ ಊಟ,
ತಟ್ಟೆಯಡಿ ನಾಣ್ಯವಿಟ್ಟರೆ ಕಾಸು ಕೂಡುತ್ತದಂತೆ.
ವಿಲ್ಮಾರ್ ಜೇಬೆಲ್ಲ ತಡಕಿ ಕೊನೆಗೆ
ಹಳೆಯ ಬಸ್ ಟಿಕೆಟ್ ಇಟ್ಟ. ಎಲ್ಲಿಗೂ ಹೋಗಲಿಲ್ಲ ನಾವು,
ಚಳಿ, ತಿಂದು ಮಲಗಿದೆವು.
ಆಗಸ್ಟಿನ ಮಂಜು. ನದಿಯೂ ಇಲ್ಲ, ದಡವೂ ಇಲ್ಲ,
ಹಡಗಿನ ಕೊಂಬು ಮಾತ್ರ ಊರೊಳಗೇ ನಡೆದುಬಂದ ಹಾಗೆ.
ನವೆಂಬರ್ ಆರು, "ಈರುಳ್ಳಿ, ಬಲ್ಬು, ನಾಲ್ಕಕ್ಕೆ ವಕೀಲರು."
ಅಷ್ಟೆ. ಮರುದಿನ ಮಣಿಕಟ್ಟು ಮುರಿಯಿತು,
ಆ ದುಂಡು ಅಕ್ಷರ ಮತ್ತೆ ನನ್ನ ಕೈಗೆ ಬರಲಿಲ್ಲ.

ಉಳಿದ ವರ್ಷವನ್ನು ಗಾಳಿಗೆ ಕೊಟ್ಟು
ಕಿಟಕಿ ಹಾಕುವಷ್ಟರಲ್ಲಿ ಜುಲ್ಮಾಳ ಫೋನು.
ಹಿಂದೆ ಕೋಳಿಗಳ ಗದ್ದಲ.
"ಅರ್ಧ ವರ್ಷ ನನ್ನದೂ ಹೌದಲ್ಲ,
ಐದು ಬೇಡ, ಒಂದು ಸಾಕು.
ಮೇ ಒಂಬತ್ತು. ಇಟ್ಟಿದ್ದೀಯ ತಾನೆ?"
ಮೇ ಒಂಬತ್ತು?
"ಮೆಟ್ಟಿಲ ಮೇಲೆ ಕೂತು ನಕ್ಕೆವಲ್ಲೇ! ನೀನಂತೂ
ಕಂಬಿ ಹಿಡಿದು, ಕಣ್ಣಲ್ಲಿ ನೀರು.
ಗದರಿಸಲು ಬಂದ ಸಾಹೇಬರೂ ಕೂತುಬಿಟ್ಟರು."
ಯಾಕೆ ನಕ್ಕೆವು?
"ಅದು ನನಗೂ ಮರೆತಿದೆ ಮಾರಾಯ್ತಿ.
ನೀನು ಹಾಗೆ ನಕ್ಕದ್ದು ನಾನು ನೋಡಿದ್ದು ಅದೊಂದೇ ಸಲ."

ನನ್ನೊಳಗೆ ಎಲ್ಲ ಕಡೆ ಹುಡುಕಿದೆ.
ಮೆಟ್ಟಿಲಿತ್ತು. ಕಂಬಿ ಇತ್ತು. ನಾನಿರಲಿಲ್ಲ.
"ಇಟ್ಟಿದ್ದೇನೆ," ಎಂದೆ.

ಆಮೇಲೆ ಇಳಿದುಹೋದೆ.
ಸೈಡರ್ ನಾತ, ತೊಯ್ದ ಕಾಗದ, ಯಾರೋ ಹಾಡುತ್ತಿದ್ದರು.
ಕಸ ಗುಡಿಸುವವರು ಇನ್ನೂ ಬಂದಿರಲಿಲ್ಲ.
ಬಗ್ಗಿ ಬಗ್ಗಿ, ಅರುವತ್ತರ ಸೊಂಟ ಹಿಡಿದುಕೊಂಡು,
ನನ್ನದು ಸಿಗಲಿಲ್ಲ.
ಬೇರೆಯವರ ಮೇ ಒಂಬತ್ತು ಒಂದು ಸಿಕ್ಕಿತು, ಹಸಿರು ಶಾಯಿ,
"ಎಲ್ಬಿಯೊನ ಕ್ಷಮೆ ಕೇಳುವುದು."
ಕೇಳಿದಳೋ ಬಿಟ್ಟಳೋ, ನೀರು ಬಿದ್ದು ಅರ್ಧ ಹರಿದಿತ್ತು.

ಅದನ್ನೇ ಮೊಣಕಾಲಿಗೆ ಒತ್ತಿ ಆರಿಸಿದೆ,
ಪೈಸಂದೂವಿಗೆ ಕಳಿಸಲು. ಶಾಯಿ ಬೇರೆ ಎಂದು
ಅವಳಿಗೆ ತಿಳಿಯದೆ ಇರದು.

ಈಗ ಆರಾಯಿತು.
ಚೀಲ ತೆರೆದು ನಿಂತೆ, ಒಂದನ್ನು ಕೊಡಬೇಕು.
ಪೀಚು ಬೇಡ. ಮಂಜು ಬೇಡ. ವಿಲ್ಮಾರನ ಟಿಕೆಟ್ಟು,
ಛೇ, ಆಗದು.
ಮಾರ್ಚನ್ನು ಬೀದಿಗೆ ಬಿಟ್ಟೆ.
ಶೂ ಹೇಗೂ ಕಾಲಲ್ಲೇ ಇತ್ತು, ಒದ್ದೆಯಾಗಿ.